ಹೆಗಲಿನ ಮಾಂಸ

ಒಂದು ಭಾನುವಾರ ಮಧ್ಯಾಹ್ನ ನಾನು ನಮ್ಮೂರಿನ ಚರ್ಚನ್ನು, ಅದರ ಗಂಟೆಗೋಪುರ ಮತ್ತು ಒಳಗೆ ತೂಕಡಿಸುತ್ತಿದ್ದ ಪಾದ್ರಿಯ ಸಮೇತ, ಎರಡೂ ಹೆಗಲ ಮೇಲೆ ಹೊತ್ತು ಚೌಕದ ಆ ಬದಿಯಿಂದ ಈ ಬದಿಗೆ ತಂದಿಟ್ಟೆ. ಅಜ್ಜಿಗೆ ಕುರ್ಚಿ ಹಾಕಿಕೊಂಡು ಕೂರಲು ನೆರಳು ಬೇಕಾಗಿತ್ತು, ಅಷ್ಟೇ. ನಂಬದವರು ಹೋಗಿ ನೋಡಬಹುದು, ಚರ್ಚು ಈಗಲೂ ನಾನು ಇಟ್ಟಲ್ಲೇ ಇದೆ. ಅಂಥ ಹೆಗಲು ಬಾರ್ಸಿಲೋನದ ಹತ್ತಿರದ ನಮ್ಮ ಪೆನೆದೆಸ್ ಸೀಮೆಯ ದ್ರಾಕ್ಷಿತೋಟಗಳ ನಡುವೆ ಇನ್ನೊಂದು ಇರಲಿಲ್ಲ. ಹಾಗಾಗಿಯೇ ನಮ್ಮ ತಂಡ ಮನುಷ್ಯರ ಗೋಪುರ ಕಟ್ಟುವಾಗ ಗೆರಾವ್ ಎಂಬ ನನ್ನನ್ನು ಆರು ವರ್ಷದಿಂದ ಬುಡದಲ್ಲಿ ನಿಲ್ಲಿಸುತ್ತಿತ್ತು. ಬುಡಕ್ಕೆ ನಾಲ್ವರು, ಅವರ ಹೆಗಲ ಮೇಲೆ ನಾಲ್ವರು, ಅವರ ಮೇಲೆ ಮತ್ತೆ ನಾಲ್ವರು, ಹೀಗೆ ಎಂಟು ಅಂತಸ್ತು. ತುದಿಗೆ ಹತ್ತಿದ ಪುಟ್ಟ ಹುಡುಗಿ ಒಂದು ಕೈ ಎತ್ತಿದರೆ ಗೋಪುರ ಪೂರ್ತಿಯಾದಂತೆ. ಎಂಟು ಅಂತಸ್ತಿನದನ್ನು ನಮ್ಮ ತಂಡ ಹುಟ್ಟಿದಾಗಿನಿಂದ ಆವರೆಗೆ ಕಟ್ಟಿರಲಿಲ್ಲ. ಬುಡದ ನಾಲ್ವರನ್ನು ಮುನ್ನೂರು ಜನ ಸುತ್ತುಗಟ್ಟಿ, ಕೈಚಾಚಿ, ಬೆನ್ನಿಗೆ ಎದೆ ಒತ್ತಿ ನಿಲ್ಲುತ್ತಾರೆ. ಆ ಗುಂಪಿಗೆ ಪಿನ್ಯ ಎನ್ನುತ್ತೇವೆ. ಅದರ ನಟ್ಟನಡುವೆ ಹೂತುಹೋದ ಬುಡದವನನ್ನು ದೇವರೂ ನೋಡಲಾರ. ಈ ಒಂದು ಸಂಗತಿಯನ್ನು ನಾನು ಆ ಬೇಸಿಗೆಯಲ್ಲಿ ಮರೆತುಬಿಟ್ಟಿದ್ದೆ.

ಚೌಕದಲ್ಲಿ ಗೋಪುರ ಕಟ್ಟುವ ಊರಹಬ್ಬಕ್ಕೆ ಐದು ದಿನ ಉಳಿದಿದ್ದ ಮಂಗಳವಾರ ಬೆಳಿಗ್ಗೆ, ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ, ಹೆಗಲ ಮೇಲಿದ್ದ ಗ್ಯಾಸ್ ಸಿಲಿಂಡರ್ ನನ್ನೊಡನೆ ಮಾತಾಡತೊಡಗಿತು. ಇಳಿಸೋ, ಎಂದಿತು. ಮನೆಮನೆಗೆ ಗ್ಯಾಸ್ ಹೊತ್ತು ಹಾಕುವುದು ನನ್ನ ಕೆಲಸ. ಒಂದು ಕಾಲದಲ್ಲಿ ಹೆಗಲಿಗೊಂದರಂತೆ ಎರಡು, ತಲೆಯ ಮೇಲೊಂದು, ಹಲ್ಲಿನಲ್ಲೊಂದು, ಹೀಗೆ ನಾಲ್ಕು ಹೊತ್ತು ಶಿಳ್ಳೆ ಹಾಕುತ್ತ ಹತ್ತುತ್ತಿದ್ದೆ. ಹಲ್ಲಿನಲ್ಲಿ ಸಿಲಿಂಡರ್ ಇದ್ದರೆ ಶಿಳ್ಳೆ ಹೇಗೆ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿದೆ, ಪುರುಸೊತ್ತಿಲ್ಲ. ಈಗ ಒಂದೇ ಒಂದಕ್ಕೆ ಗೋಡೆ ಮೆಲ್ಲಗೆ ಉಸಿರಾಡುತ್ತಿತ್ತು, ಕಣ್ಣಂಚಿನಲ್ಲಿ ಬೆಳ್ಳಿಯ ಹುಳುಗಳು ಹಾರುತ್ತಿದ್ದವು. ಒಳ್ಳೆಯ ಲಕ್ಷಣ ಎಂದುಕೊಂಡೆ. ಕಿವಿಯಲ್ಲಿ ಗ್ರಾನೈಟ್ ಹೇಳುತ್ತಲೇ ಇದ್ದ: ಹಸಿವು ಅಂದರೆ ನಿನ್ನೊಳಗಿನ ಹೇಡಿ ಮನೆ ಖಾಲಿ ಮಾಡುವ ಸದ್ದು. ಗ್ರಾನೈಟ್ ಎಂಬುದು ಅವನು ಫೋನಿನಲ್ಲಿ ಇಟ್ಟುಕೊಂಡಿದ್ದ ಹೆಸರು. ಕತ್ತಿಲ್ಲದ, ಎಣ್ಣೆ ಹಚ್ಚಿದ ಬಾಗಿಲಿನಂತಿದ್ದ ಆ ಮನುಷ್ಯ ಮೈ ಕಟೆದುಕೊಳ್ಳುವ ಬಗ್ಗೆ ದಿನಕ್ಕೆ ಆರು ವಿಡಿಯೊ ಹಾಕುತ್ತಿದ್ದ. ಆರನ್ನೂ ನಾನು ವ್ಯಾನಿನಲ್ಲಿ, ಮೆಟ್ಟಿಲಲ್ಲಿ, ಸ್ನಾನದ ಮನೆಯಲ್ಲಿ ನೋಡಿ ಮುಗಿಸುವಷ್ಟರಲ್ಲಿ ಅವನಂಥವರೇ ಇನ್ನೂ ಹತ್ತು ಜನ ಸಾಲುಗಟ್ಟಿ ನಿಂತಿರುತ್ತಿದ್ದರು. ಎಲ್ಲರಿಗೂ ಒಂದೇ ಹೊಟ್ಟೆ, ಒಂದೇ ಡಬ್ಬಿಯಲ್ಲಿ ಒಂದೇ ಬಿಳಿ ಕೋಳಿ. ಹಳದಿಯಿಲ್ಲದ ಮೊಟ್ಟೆ, ಬ್ರೆಡ್ಡಿಲ್ಲದ ಬೆಳಗು. ಏಪ್ರಿಲ್‌ನಲ್ಲಿ ಯಾರೋ ನಮ್ಮ ಅಭ್ಯಾಸದ ವಿಡಿಯೊ ಹಾಕಿದ್ದರು. ಅದರ ಕೆಳಗೆ ಇನ್ಯಾರೋ, 'ಬುಡದಲ್ಲಿ ಹಾಸಿಗೆ ನಿಲ್ಲಿಸಿದ್ದಾರೆ, ಒಳ್ಳೇದೇ, ಬಿದ್ದರೂ ಪೆಟ್ಟಾಗಲ್ಲ' ಎಂದು ಬರೆದಿದ್ದ. ನಾನೂ ನಕ್ಕಿದ್ದೆ, ಎಲ್ಲರಿಗಿಂತ ಜೋರಾಗಿ. ನಕ್ಕು ಮನೆಗೆ ಹೋಗಿ ಕನ್ನಡಿಯ ಮುಂದೆ ಅಂಗಿ ಎತ್ತಿ ನಿಂತವನು, ಆಗಸ್ಟ್ ಬಂದರೂ ಇಳಿಸಿರಲಿಲ್ಲ.

ಆ ತಿರುವಿನಲ್ಲೂ ಒಂದು ಕನ್ನಡಿಯಿತ್ತು. ಸಿಲಿಂಡರ್ ಇಳಿಸಿ, ಅಂಗಿ ಎತ್ತಿ, ಉಸಿರು ಬಿಗಿಹಿಡಿದು ಎಣಿಸಿದೆ. ಹೊಟ್ಟೆಯ ಮೇಲೆ ಎಂಟು ಮಾಂಸಖಂಡದ ಕಟ್ಟುಗಳಿವೆ ಎಂದು ಊರಿಗೆಲ್ಲ ಹೇಳಿದ್ದೆ. ಕನ್ನಡಿ ಮೂರೂವರೆ ಅನ್ನುತ್ತಿತ್ತು. ಅಷ್ಟರಲ್ಲಿ ಎದುರು ಬಾಗಿಲು ತೆರೆದು ಗ್ಯಾಸಿಗಾಗಿ ಕಾದಿದ್ದ ಮನೆಯೊಡತಿ, ಸೆನ್ಯೊರಾ ಎವ್ಲಾರಿಯ, ಚಪ್ಪಲಿ ಎಳೆಯುತ್ತ ಬಂದಳು.

"ಅಯ್ಯೋ, ಹೊಟ್ಟೆ ನೋವೇನಪ್ಪ?"

"ಇಲ್ಲ ಸೆನ್ಯೊರಾ. ನೋಡ್ಕೊತಿದ್ದೆ."

"ಏನ್ ಬಿದ್ದಿದೆ ಅದ್ರಲ್ಲಿ ನೋಡೋಕೆ? ನಮ್ಮೆಜಮಾನ್ರೂ ಹಿಂಗೇ ನೋಡ್ಕೊತಿದ್ರು, ಆಮೇಲೆ ಹರ್ನಿಯ ಅಂತ ಗೊತ್ತಾಯ್ತು. ಒಳಗ್ ಬಾ, ಒಂದ್ ತುಂಡು ಕೇಕು ತಿನ್ನು. ಮುಖ ಸುಣ್ಣದ ಗೋಡೆ ಆಗಿದೆ."

ಕೇಕಿನ ವಾಸನೆ ಬಾಗಿಲಲ್ಲೇ ನಿಂತಿತ್ತು, ನಿಂಬೆಸಿಪ್ಪೆಯದು. ನನ್ನ ಬಾಯಲ್ಲಿ ಊರಿದ ನೀರಿನಲ್ಲಿ ಒಂದು ದೋಣಿ ಬಿಡಬಹುದಾಗಿತ್ತು. ಆಗಲೇ ತಿಂಡಿ ಆಯಿತು ಎಂದೆ. ಏನು ತಿಂದೆ ಎಂದು ಕೇಳಿದಳು. ಒಂದು ಹೋರಿ, ಎಂದೆ. ಅವಳು ನಗಲಿಲ್ಲ. ಇಳಿಯುವಾಗ ಅವಳ ಕಣ್ಣು ನನ್ನ ಬೆನ್ನಿಗೆ ಅಂಟಿಕೊಂಡೇ ಬಂತು. ವ್ಯಾನಿನಲ್ಲಿ ಕೂತು, ಕನ್ನಡಿಯ ಮುಂದೆ ತೆಗೆದುಕೊಂಡಿದ್ದ ಚಿತ್ರವನ್ನು ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಏರಿಸಿದೆ. ನನ್ನನ್ನು ಅಲ್ಲಿ ಎರಡು ಲಕ್ಷ ಜನ ಹಿಂಬಾಲಿಸುತ್ತಿದ್ದರು ಎಂದು ಹೇಳುತ್ತಿದ್ದೆ. ನಲವತ್ತೊಂದು ಅನ್ನುವುದನ್ನು ದೂರದಿಂದ ನೋಡಿದರೆ ಎರಡು ಲಕ್ಷದ ಹಾಗೇ ಕಾಣುತ್ತದೆ. ಅದರಲ್ಲಿ ಒಬ್ಬಳು ಅಜ್ಜಿ. ಪ್ರತಿ ಚಿತ್ರದ ಕೆಳಗೂ ಅವಳದೊಂದೇ ಬರಹ: 'ಅಂಗಿ ಹಾಕ್ಕೊ ರಾಜ, ಶೀತ ಆಗುತ್ತೆ.'

ಆ ಅಜ್ಜಿಯ, ನನ್ನ ತೆಕ್ಲ ಅಜ್ಜಿಯ, ಮನೆಯಲ್ಲಿ ಮಂಗಳವಾರದ ಊಟ ಎಂದರೆ ಸುಟ್ಟ ಬುತಿಫಾರ್ರ ಸಾಸೇಜು, ಜೊತೆಗೆ ಹಂದಿಕೊಬ್ಬಿನಲ್ಲಿ ಹುರಿದ ಬಿಳಿ ಕಾಳು. ನಾನು ನನ್ನ ಕೋಳಿ ತಂದಿದ್ದೆ. ಅವಳ ಹಿಟ್ಟಿನ ತಕ್ಕಡಿಯ ಮೇಲೆ ನಾನು ಅದನ್ನಿಟ್ಟು ಬಗ್ಗಿ ನೋಡುತ್ತಿದ್ದಾಗ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸತ್ತ ಮೇಲೂ ತೂಕ ನೋಡ್ತಾರೇನೋ? ಪಾಪ, ಅದಕ್ಕೇನ್ ಡಾಕ್ಟ್ರು ಹೇಳಿದ್ರಾ?"

"ಗ್ರಾಂ ತಪ್ಪಬಾರ್ದು ಅಜ್ಜಿ. ಇದು ವಿಜ್ಞಾನ."

"ವಿಜ್ಞಾನಕ್ಕೆ ಉಪ್ಪು ಹಾಕ್ಲಾ?"

"ಬೇಡ! ಉಪ್ಪು ನೀರು ಹಿಡಿಯುತ್ತೆ."

"ಹಿಡೀಲಿ ಬಿಡೋ, ಮಳೆ ಬಂದು ಎಷ್ಟ್ ದಿನ ಆಯ್ತು."

ನನ್ನ ತಟ್ಟೆಗೆ ಸಾಸೇಜು ಬಂದೇ ಬಂತು. ಬೇಡ ಎಂದರೆ ಅವಳ ಕೆಳತುಟಿ ನಡುಗುತ್ತದೆ. ಅದನ್ನು ನೋಡುವುದಕ್ಕಿಂತ ಸುಳ್ಳು ಸುಲಭ. ಅಗಿದೆ. ಕೊಬ್ಬು, ಮೆಣಸು, ಹೊಗೆ ಎಲ್ಲ ಬಾಯ್ತುಂಬ ಹರಡಿ ಒಂದು ಕ್ಷಣ ಕಣ್ಣು ಮುಚ್ಚಿತು. ಅವಳು ಒಲೆಯ ಕಡೆ ತಿರುಗಿದಾಗ ಕಾಗದದ ಕರವಸ್ತ್ರಕ್ಕೆ ಉಗಿದು ಮೇಜಿನ ಕೆಳಗೆ ಬಿಟ್ಟೆ. ಅಲ್ಲಿ ಅಜ್ಜಿಯ ನಾಯಿ ಪಿಪೊ ಕಾಯುತ್ತಿದ್ದ. ಏಪ್ರಿಲ್‌ನಿಂದ ಮಂಗಳವಾರ, ಗುರುವಾರ, ಭಾನುವಾರ ನನ್ನ ಊಟವೆಲ್ಲ ಅವನದೇ. ಬೆಕ್ಕಿನಷ್ಟಿದ್ದ ನಾಯಿ ಕರುವಿನಷ್ಟಾಗಿ, ಬಾಗಿಲಲ್ಲಿ ಅಡ್ಡಡ್ಡ ದಾಟಬೇಕಾಗಿತ್ತು. ಅದೇ ವಾರ ಅಜ್ಜಿ ಅದನ್ನು ಪಶುವೈದ್ಯರ ಹತ್ತಿರ ಕರೆದೊಯ್ದು, ಇದಕ್ಕೇನೋ ಗ್ರಂಥಿಯ ಕಾಯಿಲೆ ಎಂದು ಅತ್ತು ಬಂದಿದ್ದಳು. ಪಥ್ಯ ಬರೆದುಕೊಟ್ಟಿದ್ದರಂತೆ. ಉಪ್ಪಿಲ್ಲದ ಕೋಳಿ. "ನೀನೂ ಅವ್ನೂ ಒಂದೇ ಊಟ ಮಾಡ್ಬೋದು ನೋಡು," ಎಂದಳು, ಖುಷಿಯಿಂದ. ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ನಾಯಿ ತಲೆ ಒರಗಿಸಿತು. ನನ್ನ ಗುಟ್ಟನ್ನೆಲ್ಲ ತಿಂದು ಉಬ್ಬಿದ ಆ ತಲೆ ತುಂಬ ಭಾರವಾಗಿತ್ತು; ಆ ಭಾರದ ಬಗ್ಗೆ ಮಾತ್ರ ನಾನು ಏನೂ ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಶುಕ್ರವಾರ ಸಂಜೆ ಕೊನೆಯ ಅಭ್ಯಾಸ. ನಡುಕಟ್ಟು ಸುತ್ತಿಕೊಳ್ಳುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಕಪ್ಪು ಬಟ್ಟೆಯ ಒಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ, ಇನ್ನೊಂದು ತುದಿಯನ್ನು ಸೊಂಟಕ್ಕೆ ಒತ್ತಿಕೊಂಡು ನಾವು ಬುಗುರಿಯ ಹಾಗೆ ತಿರುಗುತ್ತ ಅವರತ್ತ ಹೋಗುತ್ತೇವೆ. ಮೇಲೆ ಹತ್ತುವವರಿಗೆ ಅದೇ ಮೆಟ್ಟಿಲು. ನನ್ನ ತುದಿ ಹಿಡಿಯುತ್ತಿದ್ದವಳು ಕೆರಾಲ್ಟ್. ಆರು ವರ್ಷದಿಂದ ನನ್ನ ಹೆಗಲ ಮೇಲೆ ಬರಿಗಾಲಲ್ಲಿ ನಿಲ್ಲುವ ಎರಡನೇ ಅಂತಸ್ತಿನವಳು. ಹಗಲು ಹೊತ್ತು ಮೀನುಮಾರುಕಟ್ಟೆಯಲ್ಲಿ ಮೀನು ಹೆಚ್ಚುತ್ತಾಳೆ, ನಾಲಿಗೆಯನ್ನೂ ಅದೇ ಕತ್ತಿಯಿಂದ ಮಸೆದುಕೊಂಡಿದ್ದಾಳೆ. ನಾನು ತಿರುಗಿದೆ, ಅವಳು ಎಣಿಸಿದಳು.

"ಒಂಬತ್ತು... ಹತ್ತು... ಇನ್ನೂ ಬಟ್ಟೆ ಇದೆಯಲ್ಲೋ. ಹನ್ನೊಂದು. ಹೋದ ವರ್ಷ ಎಂಟಕ್ಕೇ ಮುಗೀತಿತ್ತು. ಏನೋ, ನನ್ನ ಕಂಬ ಯಾರು ಕೆತ್ತಿದ್ದು?"

"ಸೊಂಟ ಅಂದ್ರೆ ಹೀಗಿರ್ಬೇಕು ಕಣೇ. ಬಾರ್ಸಿಲೋನದಿಂದ ಇಬ್ರು ಶಿಲ್ಪಿಗಳು ಅಳತೆ ತಗೊಂಡ್ ಹೋದ್ರು."

"ಅವ್ರನ್ನೇ ಹೆಗಲ ಮೇಲೆ ನಿಲ್ಲಿಸ್ಕೊ ಹಾಗಾದ್ರೆ."

ಹತ್ತಿದಳು. ಅವಳ ಅಂಗಾಲನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ಎಡಗಾಲಿನ ಹೆಬ್ಬೆರಳ ಕೆಳಗೊಂದು ಆಣಿ, ಬಲದ ಹಿಮ್ಮಡಿ ಸದಾ ತಣ್ಣಗೆ. ಯಾವಾಗಲೂ ಆ ಎರಡು ಪಾದಗಳು ನನ್ನ ಹೆಗಲ ಮಾಂಸದಲ್ಲಿ ತಮ್ಮ ಹಳೆಯ ಗುಳಿಗಳನ್ನು ಹುಡುಕಿಕೊಂಡು, ದಿಂಬಿನಲ್ಲಿ ತಲೆ ಹುದುಗುವ ಹಾಗೆ, ಹುದುಗಿಬಿಡುತ್ತಿದ್ದವು. ಆ ದಿನ ಹುಡುಕಿದವು. ಮತ್ತೆ ಹುಡುಕಿದವು. ಎಲುಬಿನ ಏಣಿನ ಮೇಲೆ ಒಮ್ಮೆ ಜಾರಿ, ಬೆರಳು ಮಡಚಿ, ನಿಂತವು. ಇಳಿದ ಮೇಲೆ ಅವಳು ತಮಾಷೆ ಮಾಡಲಿಲ್ಲ. ಪಾದ ತಿಕ್ಕಿಕೊಳ್ಳುತ್ತ ನೆಲದ ಮೇಲೆ ಕೂತಳು. ತಂಡದ ನಾಯಕಿ ರೆಮೆಯ್, ನಲವತ್ತು ವರ್ಷ ಟಪಾಲು ಹಂಚಿದ ಹೆಂಗಸು, ನನ್ನ ಹತ್ತಿರ ಬಂದು ಕತ್ತಿನ ಬುಡವನ್ನು ಸಂತೆಯಲ್ಲಿ ಕುರಿ ಹಿಡಿದು ನೋಡುವ ಹಾಗೆ ಹಿಂಡಿ ನೋಡಿದಳು.

"ಗೆರಾವ್, ಊಟ ಮಾಡ್ತಿದ್ದೀಯೇನಪ್ಪ?"

"ಏನ್ ಕೇಳ್ತೀರಿ ರೆಮೆಯ್! ದಿನಕ್ಕೆ ಆರು ಹೊತ್ತು."

"ಇಸಿದ್ರೆನೂ ಬುಡಕ್ಕೆ ನಿಲ್ತೀನಿ ಅಂತಾನೆ. ನಿಂಗೆ ಈ ಸಲ ಸುಸ್ತಿದ್ರೆ ಹೇಳು, ತಪ್ಪೇನಿಲ್ಲ."

ಇಸಿದ್ರೆ ಔಷಧಿ ಅಂಗಡಿಯವನು. ಹೆಗಲೆರಡೂ ಅಡುಗೆಮನೆಯ ಕಟ್ಟೆಯಂತಿದ್ದವು. ಅಭ್ಯಾಸದ ಮನೆಯ ಗೋಡೆ, ಸುಣ್ಣದ ವಾಸನೆ, ಮುನ್ನೂರು ಜನರ ಬೆವರು, ಅದರ ಮಧ್ಯೆ ಕಣ್ಣುಮುಚ್ಚಿ ಒಬ್ಬಳ ಭಾರಕ್ಕಾಗಿ ಕಾಯುವ ಆ ಒಂದು ನಿಮಿಷ. ಜಗತ್ತಿನಲ್ಲಿ ನಾನು ಬೇಕಾಗಿದ್ದ ಜಾಗ ಅದೊಂದೇ. ಅದನ್ನು ಕಳೆದುಕೊಂಡರೆ ನಲವತ್ತೊಂದು ಜನರೂ ಮೂರೂವರೆ ಕಟ್ಟೂ ಏನು ಮಾಡುತ್ತವೆ? ಆದರೂ ಮನೆಗೆ ಹೋಗಿ ಊಟ ಮಾಡು ಎಂಬ ಸರಳವಾದ ಮಾತು ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಸುಳ್ಳು, ಹೊಳೆಯಿತು. ಬ್ರೆಡ್ಡಿಗೆ ಟೊಮೇಟೊ ಉಜ್ಜಿ, ಎಣ್ಣೆ ಸುರಿದು, ಬಾಯಿಯ ಹತ್ತಿರ ತಂದೆ. ಕೈ ತಾನಾಗಿ ಕೆಳಗಿಳಿಯಿತು, ಬೇರೆ ಯಾರದೋ ಕೈಯ ಹಾಗೆ. ಭಾನುವಾರ ಬೆಳಿಗ್ಗೆ ಮಾಡಿದ್ದೇನೆಂದರೆ, ಅಜ್ಜಿ ಬಿಸಿ ಪಾತ್ರೆ ಹಿಡಿಯುವ ಹತ್ತಿ ತುಂಬಿದ ಎರಡು ಬಟ್ಟೆಗಳನ್ನು, ಹುಂಜದ ಚಿತ್ರ ಇದ್ದವು, ತಂಡದ ಬದನೆಬಣ್ಣದ ಅಂಗಿಯ ಒಳಗೆ ಹೆಗಲಿಗೆ ಸರಿಯಾಗಿ ಹೊಲಿದುಕೊಂಡೆ. ಮಾಂಸ ಇಲ್ಲದ ಕಡೆ ಮಾಂಸದ ಹಾಗೆ.

ಚೌಕ ತುಂಬಿತ್ತು. ಹತ್ತು ಲಕ್ಷ ಜನ, ಕಡಿಮೆ ಎಂದರೂ. ಬುಡದ ನಾಲ್ವರೂ ತೋಳಿಗೆ ತೋಳು ಹೆಣೆದೆವು. ಹಿಂದಿನಿಂದ, ಪಕ್ಕದಿಂದ, ಕಂಕುಳ ಕೆಳಗಿನಿಂದ ಪಿನ್ಯ ಬಂದು ಮುಚ್ಚಿಕೊಂಡಿತು. ಬೆಳಕು ಹೋಯಿತು. ಹತ್ತುವವರ ಕಾಲಡಿ ಅಂಗಿ ಜರುಗಬಾರದೆಂದು ನಾವು ನಮ್ಮ ಕಾಲರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತೇವೆ. ನಾನು ಮಾತಾಡದೆ ಇರುವ ಸಮಯ ವರ್ಷದಲ್ಲಿ ಅದೊಂದೇ. ಕಚ್ಚಿದೆ. ಕೆರಾಲ್ಟ್‌ಳ ಕಾಲು ನಡುಕಟ್ಟಿನ ಮೇಲೆ, ಆಮೇಲೆ ಹೆಗಲ ಮೇಲೆ. ಹುಂಜಗಳ ಮೇಲೆ. ಪಾದ ಒಂದು ಕ್ಷಣ ಸುಮ್ಮನಾಯಿತು, ಬೇರೆಯವರ ಮನೆಗೆ ಬಂದ ಹಾಗೆ. ಅವಳ ಮೇಲೆ ಮೂರನೇ ಅಂತಸ್ತಿನವನು ಹತ್ತಿದ, ಅವನ ಮೇಲೆ ನಾಲ್ಕನೆಯವನು ಹತ್ತತೊಡಗಿದ. ಬಟ್ಟೆ ಅರ್ಧ ಬೆರಳಿನಷ್ಟು ಸರಿಯಿತು. ಬೆಳ್ಳಿಯ ಹುಳುಗಳು ಆ ಕತ್ತಲಲ್ಲೂ ದಾರಿ ಹುಡುಕಿಕೊಂಡು ಬಂದವು. ನಾಲ್ಕನೇ ಅಂತಸ್ತು ನಿಂತೊಡನೆ ನಮ್ಮ ಓಲಗ, ಗ್ರಾಲ್ಯ, ಊದತೊಡಗುತ್ತದೆ. ಊದಿದ ಮೇಲೆ ಇಳಿದರೆ ಅದು ಸೋಲು, ಬಿದ್ದರೆ ಆಸ್ಪತ್ರೆ. ಊದುವ ಮುಂಚೆ ಇಳಿದರೆ ಬರೀ ಒಂದು ಪ್ರಯತ್ನ, ಬರೀ ಒಂದು ನಾಚಿಕೆ. ಆ ಎರಡರ ನಡುವೆ ನನಗಿದ್ದದ್ದು ನಾಲ್ಕು ಉಸಿರಿನಷ್ಟು ಹೊತ್ತು. ಆಗ ನಾನೇನು ಮಾಡಿದೆ? ಗಂಡಸು ಮಾಡಬೇಕಾದ್ದನ್ನೇ ಮಾಡಿದೆ. ಕಾಲರನ್ನು ಥೂ ಎಂದು ಉಗಿದು, "ಇಳೀರಿ! ತಪ್ಪು ನಂದು! ನನ್ನ ಕೈಲಾಗ್ತಿಲ್ಲ!" ಎಂದು ಎಂಥ ದನಿಯಲ್ಲಿ ಕೂಗಿದೆನೆಂದರೆ ತಾರ್ರಗೋನದ ಬಂದರಿನಲ್ಲಿ ಎರಡು ಹಡಗು ಲಂಗರು ಎತ್ತಿದವು. ಎಲ್ಲರೂ ಇಳಿದರು, ಒಬ್ಬರಿಗೂ ತರಚಲಿಲ್ಲ, ರೆಮೆಯ್ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಲ್ಲಿಂದ ನಾನು ತಿನ್ನತೊಡಗಿದೆ, ಹೆಗಲು ಬಂತು, ನವೆಂಬರ್‌ನಲ್ಲಿ ನನ್ನ ಮೇಲೆಯೇ ಎಂಟು ಅಂತಸ್ತೂ ಎದ್ದು ನಿಂತು, ತುದಿಯ ಹುಡುಗಿ ಎತ್ತಿದ ಕೈಗೆ ಒಂದು ಮೋಡ ಅಂಟಿಕೊಂಡು ಬಂತು.

ಇಷ್ಟನ್ನು ನಾನು ಮೊನ್ನೆ ನಮ್ಮ ತಂಡದ ಬಾರಿನಲ್ಲಿ ಇಬ್ಬರು ಹೊಸಬರಿಗೆ ಹೇಳುತ್ತಿದ್ದೆ. ಒಬ್ಬಳು ದಂತವೈದ್ಯೆ. ಇನ್ನೊಬ್ಬ ಬ್ಯಾಂಕಿನ ಗುಮಾಸ್ತ, ಮೂವತ್ತೈದು ದಾಟಿದವನು, ಬಂದ ತಟ್ಟೆಯ ಬ್ರೆಡ್ಡನ್ನು ಒಂದು ಬೆರಳಿನಿಂದ ದೂರ ತಳ್ಳಿ, "ಈ ತಿಂಗಳು ನಂಗೆ ಬ್ರೆಡ್ಡಿಲ್ಲ," ಎಂದಿದ್ದ. ಅವನ ಫೋನಿನಲ್ಲಿ ಗ್ರಾನೈಟ್ ಬಾಯಿ ಆಡಿಸುತ್ತಿದ್ದ, ಸದ್ದಿಲ್ಲದೆ. ಅದಕ್ಕೇ ಈ ಕತೆ ಶುರು ಮಾಡಿದ್ದು. ಅವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ನಾನು ಮೋಡದವರೆಗೆ ಬಂದಾಗ ನನ್ನ ಹಿಂದೆ ಮೀನಿನ ವಾಸನೆ ಬಂದು ನಿಂತಿತು.

"ಕಾಲರ್ ಉಗಿದ್ಯಾ?" ಎಂದಳು ಕೆರಾಲ್ಟ್.

"ಉಗಿದೆ."

"ಕೂಗಿದ್ಯಾ?"

"ಹಡಗು..."

"ಗೆರಾವ್. ನಾನು ನಿನ್ನ ಮೇಲೇ ನಿಂತಿದ್ದೆ ಕಣೋ."

ದಂತವೈದ್ಯೆ ನಕ್ಕಳು. ನಾನೂ ನಕ್ಕೆ, ಕಿಟಕಿ ನೋಡಿದೆ, ಲೋಟ ತಿರುಗಿಸಿದೆ. ಕೆರಾಲ್ಟ್ ಕುರ್ಚಿ ಎಳೆದು ಕೂತು, ಗುಮಾಸ್ತನ ತಟ್ಟೆಯಿಂದ ಒಂದು ಬ್ರೆಡ್ಡು ಎತ್ತಿಕೊಂಡು ತಿನ್ನುತ್ತ, "ಹೂಂ, ಹೇಳು. ಇವ್ರಿಗೆ ಕೇಳ್ಬೇಕಂತೆ. ನವೆಂಬರ್‌ನಲ್ಲಿ ಬುಡದಲ್ಲಿದ್ದೋರು ಯಾರು?" ಎಂದಳು.

"ಇಸಿದ್ರೆ."

"ನೀನು?"

"ಪಿನ್ಯದಲ್ಲಿ. ನಾಲ್ಕನೇ ಸುತ್ತಲ್ಲಿ. ಬಸವನಹುಳು ಮಾರೋ ಬೆನೆತ್ ಇದಾನಲ್ಲ, ಅವನ ಬೆನ್ನಿಗೆ ಮೂಗು ಒತ್ಕೊಂಡು ನಿಂತಿದ್ದೆ. ಬೆಳ್ಳುಳ್ಳಿ ವಾಸನೆ. ಏನೂ ಕಾಣ್ಲಿಲ್ಲ. ಜನ ಕೂಗಿದಾಗ್ಲೇ ಗೊತ್ತಾಗಿದ್ದು ಗೋಪುರ ಆಯ್ತು ಅಂತ." ಹೇಳಿದ ಮೇಲೆ ಅದು ಅಷ್ಟೇನೂ ಕೆಟ್ಟದಾಗಿ ಕೇಳಿಸಲಿಲ್ಲ. ಆಗ ನಾನು ಬೆನೆತ್‌ನ ಬೆನ್ನಿಗೆ ಹಣೆಯಿಟ್ಟು, ಯಾರಿಗೂ ಕಾಣದೆ, ಹುಚ್ಚನ ಹಾಗೆ ಕೇಕೆ ಹಾಕಿದ್ದೆ. "ತಿನ್ನೋದೂ ಪೂರ್ತಿ ಸರಿಹೋಗಿಲ್ಲ. ಸೋಮವಾರ ಸೋಮವಾರ ಆರೋಗ್ಯ ಕೇಂದ್ರದಲ್ಲಿ ಒಬ್ಬರು ಮೇಡಂ ಮುಂದೆ ಕೂತು ವಾರವೆಲ್ಲ ಏನ್ ತಿಂದೆ ಅಂತ ಹೇಳ್ಬೇಕು. ನಿಜ ಹೇಳ್ಬೇಕು. ನಂಗೆ ಎಂಟು ಅಂತಸ್ತೇ ಸುಲಭ."

ಗುಮಾಸ್ತ ಫೋನನ್ನು ಬೋರಲು ಹಾಕಿದ. "ಹೋಗ್ಲಿ, ಇಳೀರಿ ಅಂತ ನೀವು ಹೇಳಿದ್ದಾದ್ರೂ ನಿಜ ತಾನೆ?" ಎಂದು ಕೇಳಿದ. ಕರುಣೆಯಿಂದಲೇ ಕೇಳಿದ.

ಕೆರಾಲ್ಟ್ ಅಗಿಯುವುದನ್ನು ನಿಲ್ಲಿಸಿದಳು. ಆ ದಿನದ ನಿಜವನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳುವವಳಲ್ಲ. ಹುಂಜದ ಬಟ್ಟೆಗಳನ್ನು ಆ ದಿನ ತಾನೇ ನನ್ನ ಅಂಗಿಯೊಳಗಿಂದ ಕಿತ್ತು, ತನ್ನ ನಡುಕಟ್ಟಿನೊಳಗೆ ತುರುಕಿಕೊಂಡು ಹೋಗಿದ್ದಳು. ರೆಮೆಯ್‌ಗೂ ಕಾಣದ ಹಾಗೆ. 

"ಇಲ್ಲ," ಎಂದೆ. "ಕಾಲಡಿ ಬಟ್ಟೆ ಜರುಗಿದ್ದು ಗೊತ್ತಾಗಿ ಇಳೀರಿ ಅಂದೋಳು ಇವಳು. ಅದಕ್ಕೆ ಮುಂಚೆ, ಮೇಲಿಂದ, ಮೆಲ್ಲಗೆ ನನ್ನ ಕೇಳಿದ್ಲು. ತಡೀತೀಯೇನೋ, ಅಂತ. ಇಲ್ಲ ಅನ್ನೋಕೆ ಕಾಲರ್ ಬಿಡ್ಬೇಕಿತ್ತು. ಹೂಂ ಅನ್ನೋಕೆ ಬಾಯಿ ತೆರೀಬೇಕಿರ್ಲಿಲ್ಲ. ಇವಳ ಮೇಲೆ ಇಬ್ರು ಹತ್ತಿದ್ರು, ಕೆಳಗೆ ಕಲ್ಲುಚಪ್ಪಡಿ, ನಂಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ, ನನ್ನ ಜಾಗ ಹೋಗುತ್ತೆ ಅಂತ, ಹೂಂ ಅಂದೆ."